ಕನ್ನಡ ಸಣ್ಣಕಥೆಯ ಅಂಗರಚನೆ: ಒಂದು ಚಾರಿತ್ರಿಕ ನೋಟ

ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಕಾಲದಿಂದಲೂ ಕನ್ನಡದಲ್ಲಿ ಕಥನ ಪರಂಪರೆ ಇದ್ದರೂ, ಕಥಾವಸ್ತು, ಪಾತ್ರ, ಪರಿಸರ, ಸಂಘರ್ಷ, ನಿರೂಪಣೆ ಎಂಬ ಅಂಗಗಳನ್ನು ಒಂದೇ ಪರಿಣಾಮಕ್ಕಾಗಿ ಬಿಗಿಯಾಗಿ ಹೆಣೆಯುವ ಸಣ್ಣಕಥೆಯು 20ನೆಯ ಶತಮಾನದ ಆರಂಭದಲ್ಲಿ ಪಂಜೆ ಮಂಗೇಶರಾಯ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೊದಲಾದವರಿಂದ ರೂಪುಗೊಂಡಿತು. ಒಂದೇ ಬಾರಿ ಕುಳಿತು ಓದಿ ಮುಗಿಸಬಹುದಾದ ಕಥೆಯ ಪ್ರತಿಯೊಂದು ಮಾತೂ ಪೂರ್ವನಿಶ್ಚಿತ ಪರಿಣಾಮವೊಂದನ್ನು ಸಾಧಿಸಬೇಕೆಂಬ ತತ್ತ್ವವನ್ನು ಅಮೆರಿಕದ ಎಡ್ಗರ್ ಅಲನ್ ಪೋ 1842ರಲ್ಲಿಯೇ, ಕಥೆಗಾರ ಹಾಥಾರ್ನನ ಕಥೆಗಳನ್ನು ವಿಮರ್ಶಿಸುತ್ತ, ಮಂಡಿಸಿದ್ದನು.

1920ರಲ್ಲಿ ಪ್ರಕಟವಾದ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಸಂಕಲನ ಈ ಪ್ರಕಾರಕ್ಕೆ ಕನ್ನಡದಲ್ಲಿ ಭದ್ರ ನೆಲೆಯೊದಗಿಸಿತು. ಅವರ ‘ರಂಗನ ಮದುವೆ’ಯಲ್ಲಿ ಹೊಸಹಳ್ಳಿಯೆಂಬ ಊರು ಪರಿಸರವಾದರೆ, ಬೆಂಗಳೂರಿನಲ್ಲಿ ಓದಿಬಂದ ರಂಗನ ವಿವಾಹವಿಚಾರಕ್ಕೂ ಊರಿನ ರೂಢಿಗೂ ನಡುವಿನ ಅಂತರವೇ ಸಂಘರ್ಷವಾಗುತ್ತದೆ. ಕಥೆ ಹೇಳುವ ಶ್ಯಾಮನೇ ತಂತ್ರ ಹೂಡಿ ಆ ಸಂಘರ್ಷವನ್ನು ಬಗೆಹರಿಸುವುದರಿಂದ ನಿರೂಪಕನೂ ಪಾತ್ರವಾಗಿ, ಹಾಸ್ಯವು ನಿರೂಪಣೆಯ ಧಾಟಿಯಿಂದಲೇ ಹುಟ್ಟುತ್ತದೆ. ಮುಂದೆ ನವ್ಯ ಸಾಹಿತ್ಯ ಚಳುವಳಿಯ ಲೇಖಕರು, ವಿಶೇಷವಾಗಿ ಯು. ಆರ್. ಅನಂತಮೂರ್ತಿಯವರು, ಹೊರಗಿನ ಘಟನೆಗಿಂತ ವ್ಯಕ್ತಿಯ ಅಂತರಂಗಕ್ಕೆ ಪ್ರಾಧಾನ್ಯ ನೀಡಿದುದರಿಂದ ಈ ಅಂಗಗಳ ಪರಸ್ಪರ ಪ್ರಮಾಣ ಬದಲಾಯಿತೇ ಹೊರತು ಅವುಗಳ ಅಗತ್ಯ ಕುಂದಲಿಲ್ಲ.