ಸಮುದ್ರ ಹಿಮದ ಮುನ್ಸೂಚನೆ: ಇತಿಹಾಸ

ಧ್ರುವ ಪ್ರದೇಶಗಳಲ್ಲಿ ಕಡಲ ನೀರೇ ಹೆಪ್ಪುಗಟ್ಟಿ ಉಂಟಾಗುವ ಹಿಮದ ವಿಸ್ತಾರ, ದಪ್ಪ ಹಾಗೂ ಚಲನೆಯನ್ನು ಉಪಗ್ರಹ ವೀಕ್ಷಣೆ ಮತ್ತು ಗಣಿತ ಮಾದರಿಗಳಿಂದ ಮುಂಚಿತವಾಗಿ ಅಂದಾಜಿಸುವ ವಿಧಾನ.

ಉಪಗ್ರಹ ದಾಖಲೆ 1979ರಿಂದ ಆರಂಭ ಎಂದು ಬಹುತೇಕ ಗ್ರಂಥಗಳು ಹೇಳುತ್ತವೆ. ಇದು ಅನುಕೂಲಕ್ಕಾಗಿ ಒಪ್ಪಿಕೊಂಡ ವರ್ಷ. 1978ರ ಅಕ್ಟೋಬರಿನಲ್ಲಿ ಹಾರಿದ ನಿಂಬಸ್-7ರ ಮೈಕ್ರೋವೇವ್ ಉಪಕರಣ ಮೋಡ, ಕತ್ತಲೆಗಳ ಆಚೆಗೂ ಹಿಮವನ್ನು ಗುರುತಿಸಬಲ್ಲದಾಗಿತ್ತು. ಅಲ್ಲಿಂದೀಚೆಗೆ ದಾಖಲೆಯ ಸರಣಿ ಮುಂದುವರಿದಿದೆ. ಆದರೆ 1972ರ ಡಿಸೆಂಬರಿನಲ್ಲೇ ನಿಂಬಸ್-5 ಇಂಥ ಉಪಕರಣವನ್ನು ಹೊತ್ತೊಯ್ದಿತ್ತು. ವೆಡೆಲ್ ಸಮುದ್ರದಲ್ಲಿ 1974ರಿಂದ 1976ರವರೆಗೆ ಚಳಿಗಾಲದ ಹಿಮದ ನಡುವೆ ತೆರೆದುಕೊಂಡಿದ್ದ ಭಾರಿ ನೀರಿನ ಹರವು ಪತ್ತೆಯಾದದ್ದು ಅದರಿಂದಲೇ. ಒಂದೇ ತರಂಗಾಂತರದ ಆ ಮಾಹಿತಿಯಲ್ಲಿ ಅಲ್ಲಲ್ಲಿ ತೆರಪುಗಳಿದ್ದುದರಿಂದ ಅದನ್ನು ನಂತರದ ಸರಣಿಗೆ ಜೋಡಿಸುವುದು ಕಷ್ಟವಾಯಿತು.

ಇನ್ನೂ ಹಿಂದಿನ ಮಾಹಿತಿ ಬೆಳಕಿಗೆ ಬಂದದ್ದು ಈಚೆಗೆ. 1964ರ ಆಗಸ್ಟಿನಲ್ಲಿ ಹಾರಿದ ನಿಂಬಸ್-1 ಒಂದು ತಿಂಗಳೂ ಕೆಲಸ ಮಾಡಲಿಲ್ಲ. ಅದರ ಚಿತ್ರಗಳ ಹಳೆಯ ಫಿಲ್ಮ್ ಸುರುಳಿಗಳನ್ನು ಸ್ಕ್ಯಾನ್ ಮಾಡಿ, ಹಿಮದ ಅಂಚನ್ನು ಗುರುತಿಸಿದ ಸಂಶೋಧಕರು, ಆ ಸೆಪ್ಟೆಂಬರಿನಲ್ಲಿ ಅಂಟಾರ್ಕ್ಟಿಕ ಹಿಮದ ವಿಸ್ತಾರ ಸುಮಾರು 197 ಲಕ್ಷ ಚದರ ಕಿ.ಮೀ. ಇತ್ತೆಂದು 2013ರಲ್ಲಿ ಪ್ರಕಟಿಸಿದರು. ನಿಂಬಸ್-2ರ ಚಿತ್ರಗಳಿಂದ 1966ರ ಆಗಸ್ಟಿಗೆ ದೊರೆತ ಅಂಕಿ ಸುಮಾರು 159 ಲಕ್ಷ ಮಾತ್ರ. ಎರಡೇ ವರ್ಷಗಳ ಅಂತರದ ಈ ಏರುಪೇರು 1979ರ ನಂತರದ ದಾಖಲೆಯಷ್ಟನ್ನೇ ನೋಡಿದವರಿಗೆ ಅನಿರೀಕ್ಷಿತವಾಗಿತ್ತು.

ಮಾದರಿಗಳಿಗೆ ಬುನಾದಿ ಹಾಕಿದ್ದು ಡಬ್ಲ್ಯು. ಡಿ. ಹಿಬ್ಲರ್ ಅವರ 1979ರ ಪ್ರಬಂಧ. ಒತ್ತಿದರೆ ಪ್ರತಿರೋಧಿಸುವ, ಒತ್ತಡ ಮಿತಿ ಮೀರಿದಾಗ ಹರಿಯತೊಡಗುವ ವಸ್ತುವೆಂದು ಹಿಮವನ್ನು ಅದು ಪರಿಗಣಿಸಿತು. 1997ರಲ್ಲಿ ಹಂಕ್ ಮತ್ತು ಡುಕೊವಿಚ್ ಈ ಲೆಕ್ಕವನ್ನು ಕಂಪ್ಯೂಟರುಗಳು ಬೇಗ ಮಾಡುವಂತೆ ಮಾರ್ಪಡಿಸಿದರು.

2007ರಲ್ಲಿ ಆರ್ಕ್ಟಿಕ್ ಹಿಮ ದಿಢೀರನೆ ಕುಗ್ಗಿದ್ದು ಋತುಮಾನದ ಮುನ್ಸೂಚನೆಗೆ ತಿರುವು ಕೊಟ್ಟಿತು. ಸೆಪ್ಟೆಂಬರಿನ ವಿಸ್ತಾರದ ಬಗ್ಗೆ ಹಲವು ತಂಡಗಳ ಅಂದಾಜುಗಳನ್ನು ಒಟ್ಟುಗೂಡಿಸುವ ಕೆಲಸ 2008ರಲ್ಲಿ ಶುರುವಾಯಿತು. 2012ರಲ್ಲಿ ಹಿಮ ಅಂದಾಜಿಗಿಂತ ಬಹಳ ಕಡಿಮೆಯಿತ್ತು. ಮರುವರ್ಷ ಬಹಳ ಹೆಚ್ಚಿತ್ತು. ದೀರ್ಘಾವಧಿಯ ಇಳಿಕೆಯ ರೇಖೆಗೆ ಹತ್ತಿರವಿದ್ದ ವರ್ಷಗಳಲ್ಲಷ್ಟೇ ಅಂದಾಜು ಸರಿಬರುತ್ತಿತ್ತೆಂದು ನಂತರದ ವಿಶ್ಲೇಷಣೆ ತೋರಿಸಿತು.

ಮುನ್ಸೂಚನೆಗೆ ಬೇಕಾದ ವೀಕ್ಷಣೆಯಲ್ಲೂ ತೊಡಕುಂಟು: ಬೇಸಿಗೆಯಲ್ಲಿ ಹಿಮದ ಮೇಲೆ ನಿಲ್ಲುವ ಕರಗುನೀರಿನ ಹೊಂಡಗಳು ಮೈಕ್ರೋವೇವ್ ಉಪಕರಣಕ್ಕೆ ತೆರೆದ ಕಡಲಿನಂತೆಯೇ ಕಾಣುತ್ತವೆ. ದಪ್ಪ ಅಳೆಯಲು 2010ರಲ್ಲಿ ಹಾರಿದ ಕ್ರಯೋಸ್ಯಾಟ್-2ರ ರೇಡಾರಿಗೂ ಇದೇ ತೊಡಕು. ಅದರ ಸಂಕೇತಗಳಿಂದ ಬೇಸಿಗೆಯ ದಪ್ಪವನ್ನೂ ಲೆಕ್ಕಹಾಕುವ ವಿಧಾನ 2022ರಲ್ಲಿ ಪ್ರಕಟವಾಯಿತು.