ಯಾವ ಊರಿಗೆ ಹೋಗೋದು?

ಅಮೆರಿಕಕ್ಕೆ ಹೊರಟವರ ಲ್ಯಾಪ್‌ಟಾಪಿನಲ್ಲಿ ಈಗ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತೆ. ಎಡಗಡೆ ಊರುಗಳ ಹೆಸರು: ಡಲ್ಲಾಸ್, ಸಿಯಾಟಲ್, ಆಸ್ಟಿನ್, ಎಡಿಸನ್, ಸ್ಯಾನ್ ಹೋಸೆ. ಮೇಲುಗಡೆ ಬಾಡಿಗೆ, ತೆರಿಗೆ, ಚಳಿ, ಶಾಲೆ, ಇಂಡಿಯನ್ ಅಂಗಡಿ, ದೇವಸ್ಥಾನ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದಕ್ಕೆ ಡಲ್ಲಾಸ್‌ಗೆ ಒಂದು ಅಂಕ ಜಾಸ್ತಿ. ಕ್ಯಾಲಿಫೋರ್ನಿಯಾದ ಹವೆ ಚೆನ್ನಾಗಿದೆ, ಆದರೆ ಮನೆ ಬೆಲೆ ಕೇಳಿದರೆ ತಲೆ ತಿರುಗುತ್ತೆ, ಅದಕ್ಕೆ ಎರಡು ಅಂಕ ಕಡಿಮೆ. ಕೂಡಿ ಕಳೆದು ನೋಡಿದರೆ ಊರು ಸಿಕ್ಕಿತು!

ಶೀಟ್ ಮಾಡೋದು ತಪ್ಪೇನಲ್ಲ. ಆದರೆ ಇದೇ ಕೆಲಸವನ್ನು ನೂರು ವರ್ಷಕ್ಕೂ ಹಿಂದೆ ಒಬ್ಬ ಬ್ಯಾಂಕರ್ ತನ್ನ ಕೈಯಿಂದ ದುಡ್ಡು ಹಾಕಿ, ಸಾವಿರಾರು ಜನರಿಗೋಸ್ಕರ ಮಾಡಿ ನೋಡಿದ್ದ. ಆ ಕಥೆಯನ್ನೂ, ಅದೇ ಕಾಲದಲ್ಲಿ ಅಲ್ಲಿಗೆ ಹೋದ ನಮ್ಮ ದೇಶದವರ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಶೀಟಿನಲ್ಲಿ ಒಂದು ಕಾಲಮ್ ಬಿಟ್ಟುಹೋಗಿದೆ ಅನ್ನೋದು ಗೊತ್ತಾಗುತ್ತೆ.

1907. ಆ ಒಂದೇ ವರ್ಷದಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಮೂಲಕ 10 ಲಕ್ಷಕ್ಕೂ ಹೆಚ್ಚು ವಲಸಿಗರು ಅಮೆರಿಕದೊಳಗೆ ಬಂದರು. ಅವರಲ್ಲಿ ರಷ್ಯಾದ ಹಿಂಸಾಚಾರದಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಬಹಳ. ಹಡಗಿನಿಂದ ಇಳಿದವರು ಹೆಚ್ಚು ದೂರ ಹೋಗುತ್ತಿರಲಿಲ್ಲ. ಮ್ಯಾನ್‌ಹ್ಯಾಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ, ಗಾಳಿ ಬೆಳಕಿಲ್ಲದ ವಠಾರಗಳಲ್ಲಿ, ಒಂದೊಂದು ಕೋಣೆಯಲ್ಲಿ ಐದಾರು ಜನ ಉಳಿದುಬಿಡುತ್ತಿದ್ದರು. ಇದನ್ನು ನೋಡಿ ತಲೆಕೆಡಿಸಿಕೊಂಡವನು ಜೇಕಬ್ ಶಿಫ್. ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್, ತಾನೂ ಜರ್ಮನಿಯಿಂದ ವಲಸೆ ಬಂದ ಯಹೂದಿ. ಜನ ಹೀಗೆ ಒಂದೇ ಕಡೆ ಕಿಕ್ಕಿರಿದರೆ ಅಮೆರಿಕನ್ನರಿಗೆ ಸಿಟ್ಟು ಬಂದು, ವಲಸೆಯ ಬಾಗಿಲನ್ನೇ ಮುಚ್ಚುವ ಕಾನೂನು ತರುತ್ತಾರೆ ಅನ್ನೋದು ಅವನ ಭಯ. ಭಯ ಸುಳ್ಳಾಗಲಿಲ್ಲ. 1924ರಲ್ಲಿ ಅಂಥ ಕಾನೂನು ಬಂದೇ ಬಂತು.

ಶಿಫ್ ಕಂಡುಕೊಂಡ ದಾರಿ ಬಹಳ ಲೆಕ್ಕಾಚಾರದ್ದು. ನ್ಯೂಯಾರ್ಕಿನಲ್ಲಿ ಇಳಿದರೆ ತಾನೇ ಅಲ್ಲಿ ಉಳಿಯೋದು? ಬೇರೆ ಬಂದರಿನಲ್ಲಿ ಇಳಿಸೋಣ. ಆರಿಸಿದ್ದು ಟೆಕ್ಸಸ್‌ನ ಗಾಲ್ವೆಸ್ಟನ್. 1900ರ ಚಂಡಮಾರುತದಲ್ಲಿ ಸಾವಿರಾರು ಜನ ಸತ್ತು, ಮತ್ತೆ ಎದ್ದು ನಿಲ್ಲುತ್ತಿದ್ದ ಊರು. ಆರಿಸಲು ಕಾರಣಗಳೂ ಇದ್ದವು. ಜರ್ಮನಿಯ ಬ್ರೆಮೆನ್‌ನಿಂದ ನೇರ ಹಡಗು ಇತ್ತು. ಅಲ್ಲಿಂದ ದೇಶದ ಒಳನಾಡಿಗೆ ರೈಲು ಇತ್ತು. ಊರು ಚಿಕ್ಕದು, ಹಾಗಾಗಿ ಇಳಿದವರು ಅಲ್ಲೇ ಠಿಕಾಣಿ ಹೂಡುವ ಸಾಧ್ಯತೆ ಕಡಿಮೆ. ಶಿಫ್ ಇದಕ್ಕೆ 5 ಲಕ್ಷ ಡಾಲರ್ ಕೊಡಲು ಮುಂದೆ ಬಂದ. 1907ರ ಜುಲೈ 1ರಂದು ಕ್ಯಾಸೆಲ್ ಅನ್ನೋ ಮೊದಲ ಹಡಗು ದಡ ಮುಟ್ಟಿತು. ಊರಿನ ರಬ್ಬಿ ಹೆನ್ರಿ ಕೋಹೆನ್ ಬಂದರಿಗೇ ಹೋಗಿ ಜನರನ್ನು ಬರಮಾಡಿಕೊಳ್ಳುತ್ತಿದ್ದ. ಸ್ನಾನ, ಊಟ, ಊರಿಗೆ ಒಂದು ಕಾಗದ, ಆಮೇಲೆ ಕೈಗೆ ರೈಲು ಟಿಕೆಟ್. ಎಲ್ಲಿಗೆ? ಅದು ಆಗಲೇ ತೀರ್ಮಾನವಾಗಿರುತ್ತಿತ್ತು. ಕಾನ್ಸಸ್ ಸಿಟಿಗೆ ಬಡಗಿ ಬೇಕು, ಒಮಾಹಾಗೆ ಟೈಲರ್ ಬೇಕು, ಫೋರ್ಟ್ ವರ್ತ್‌ಗೆ ಕಮ್ಮಾರ ಬೇಕು ಅಂತ ಆಯಾ ಊರಿನ ಸಮಿತಿಗಳು ಮೊದಲೇ ತಿಳಿಸಿರುತ್ತಿದ್ದವು. ನೋಡಿ, ಇದು ಎಕ್ಸೆಲ್ ಶೀಟೇ. ಕಂಪ್ಯೂಟರ್ ಇರಲಿಲ್ಲ, ಅಷ್ಟೇ.

1914ರ ಹೊತ್ತಿಗೆ ಯೋಜನೆ ನಿಂತಿತು. ಏಳು ವರ್ಷದಲ್ಲಿ ಬಂದವರು ಸುಮಾರು 10,000 ಜನ. ಎಲ್ಲಿಸ್ ದ್ವೀಪದಲ್ಲಿ ನಾಲ್ಕೈದು ದಿನದಲ್ಲಿ ಇಳಿಯುವಷ್ಟು ಜನ! ಹಡಗಿನ ಪ್ರಯಾಣ ದೂರ, ಟೆಕ್ಸಸ್ಸಿನ ಬಿಸಿಲು ಹೊಸದು, ಬಂದರಿನ ಅಧಿಕಾರಿಗಳು ದೇಹ ದುರ್ಬಲ ಅಂತಲೋ, ದುಡ್ಡಿಲ್ಲ ಅಂತಲೋ ವಾಪಸ್ ಕಳಿಸುತ್ತಿದ್ದರು. ಇವೆಲ್ಲ ಕಾರಣಗಳು ಹೌದು. ಆದರೆ ಇವುಗಳ ಹಿಂದೆ ಇನ್ನೊಂದಿತ್ತು. ನ್ಯೂಯಾರ್ಕಿನ ಕೊಳಕು ವಠಾರದಲ್ಲಿ ಇದ್ದದ್ದು ಕೆಲಸ ಒಂದೇ ಅಲ್ಲ. ಬಟ್ಟೆ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕೆಲಸ ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಂದಿತ್ತು. ತಮ್ಮ ಭಾಷೆಯಲ್ಲೇ, ಅಂದರೆ ಯಿಡ್ಡಿಷ್‌ನಲ್ಲೇ ಪೇಪರ್ ಬರುತ್ತಿತ್ತು, ನಾಟಕ ನಡೆಯುತ್ತಿತ್ತು. ಹುಟ್ಟೂರಿನ ಹೆಸರಲ್ಲೇ ಕಟ್ಟಿಕೊಂಡ ನೂರಾರು ಸಂಘಗಳಿದ್ದವು. ಕಾಯಿಲೆ ಬಿದ್ದರೆ ಸಂಘ ನೋಡಿಕೊಳ್ಳುತ್ತಿತ್ತು, ಸತ್ತರೆ ಸ್ಮಶಾನದಲ್ಲಿ ಜಾಗವನ್ನೂ ಕೊಡುತ್ತಿತ್ತು. ಮಧ್ಯ ಅಮೆರಿಕದ ಚಿಕ್ಕ ಊರಿಗೆ ಹೋದ ಟೈಲರ್‌ಗೆ ಸಂಬಳ ಸಿಗುತ್ತಿತ್ತು, ನಿಜ. ಆದರೆ ಆ ಒಂದು ಕೆಲಸ ಹೋದರೆ ಮುಂದೇನು? ಶಿಫ್‌ನ ಲೆಕ್ಕದಲ್ಲಿ ಮೊದಲನೇ ಕೆಲಸಕ್ಕೆ ಜಾಗ ಇತ್ತು, ಎರಡನೇ ಕೆಲಸಕ್ಕೆ ಇರಲಿಲ್ಲ.

ಹಾಗಂತ ಯೋಜನೆ ಪೂರ್ತಿ ಸೋತಿತು ಅನ್ನೋ ಹಾಗೂ ಇಲ್ಲ. ಆ ಊರುಗಳಲ್ಲಿ ಗಟ್ಟಿಯಾಗಿ ಉಳಿದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು, ಆಮೇಲೆ ತಮ್ಮನನ್ನು, ಭಾವನನ್ನು. ಮುಂದೆ ಬಂದವರಿಗೆ ಯಾವ ಸಮಿತಿಯೂ ಊರು ಹೇಳಬೇಕಾಗಲಿಲ್ಲ.

ಈಗ ನಮ್ಮವರ ಕಡೆ ಬರೋಣ. ಕ್ಯಾಸೆಲ್ ಹಡಗು ಗಾಲ್ವೆಸ್ಟನ್ ಮುಟ್ಟಿದ ಎರಡೇ ತಿಂಗಳಿಗೆ, ದೇಶದ ಇನ್ನೊಂದು ತುದಿಯ ಬೆಲಿಂಗ್‌ಹ್ಯಾಮ್ ಊರಿನಲ್ಲಿ ಬೇರೆಯೇ ಒಂದು ಘಟನೆ ನಡೆಯಿತು. ಇದು ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಯ ಹತ್ತಿರ ಇದೆ. ಅಲ್ಲಿನ ಮರ ಕೊಯ್ಯುವ ಮಿಲ್‌ಗಳಲ್ಲಿ ಪಂಜಾಬಿನಿಂದ ಬಂದವರು ದುಡಿಯುತ್ತಿದ್ದರು, ಬಹುತೇಕ ಸಿಖ್ಖರು. ಕೆಲಸ ಇತ್ತು, ಕೂಲಿ ಊರಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಶೀಟಿನ ಪ್ರಕಾರ ಒಳ್ಳೇ ಊರು. 1907ರ ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿಯರ ಗುಂಪು ಅವರ ಬಿಡಾರಗಳಿಗೆ ನುಗ್ಗಿ, ಹೊಡೆದು, ಇದ್ದಬದ್ದದ್ದನ್ನು ದೋಚಿ, ಹಲವರನ್ನು ಸಿಟಿ ಹಾಲ್‌ನ ನೆಲಮಾಳಿಗೆಗೆ ತುಂಬಿತು. ಕೆಲವೇ ದಿನದಲ್ಲಿ ಅಲ್ಲಿದ್ದ ಭಾರತೀಯರೆಲ್ಲ ಊರು ಬಿಟ್ಟರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಹೀಗೆ ಅಲೆದವರಲ್ಲಿ ಅನೇಕರು ಕ್ಯಾಲಿಫೋರ್ನಿಯಾದ ಹೊಲಗಳಿಗೆ ಬಂದರು. ಪಂಜಾಬಿನ ರೈತರಿಗೆ ನೀರಾವರಿ, ಗದ್ದೆ, ತೋಟ ಹೊಸದೇನಲ್ಲ. ಸ್ಟಾಕ್ಟನ್ ಊರಿನಲ್ಲಿ 1912ರಲ್ಲಿ ಒಂದು ಗುರುದ್ವಾರ ಶುರುವಾಯಿತು, ಅಮೆರಿಕದ ಮೊದಲ ಗುರುದ್ವಾರ. ಅದು ಬರೀ ಪ್ರಾರ್ಥನೆಯ ಜಾಗ ಆಗಿರಲಿಲ್ಲ. ಹೊಸದಾಗಿ ಬಂದವನಿಗೆ ಅಲ್ಲಿ ಊಟ, ಮಲಗಲು ಜಾಗ, ಯಾವ ತೋಟದಲ್ಲಿ ಆಳು ಬೇಕು ಅನ್ನೋ ಸುದ್ದಿ ಎಲ್ಲ ಸಿಗುತ್ತಿತ್ತು. ಜಾತಿ ಧರ್ಮ ಕೇಳುತ್ತಿರಲಿಲ್ಲ. ಆ ಸೀಮೆಯ ಎಷ್ಟೋ ಭಾರತೀಯರಿಗೆ ಸ್ಟಾಕ್ಟನ್ ಅನ್ನೋ ಹೆಸರು ಮನೆಯ ವಿಳಾಸದ ಹಾಗೆ ಆಯಿತು. ಬೆಲಿಂಗ್‌ಹ್ಯಾಮ್‌ನಲ್ಲಿ ಇದ್ದದ್ದು ಕೂಲಿ. ಸ್ಟಾಕ್ಟನ್‌ನಲ್ಲಿ ಕೂಲಿಯ ಜೊತೆಗೆ ಕೂಲಿ ತಪ್ಪಿದ ದಿನದ ಊಟವೂ ಇತ್ತು.

ಆ ಕಾಲಕ್ಕೂ ಸ್ವಲ್ಪ ಮುಂಚೆಯೇ ಬಂಗಾಳದ ಹೂಗ್ಲಿ ಕಡೆಯ ಮುಸ್ಲಿಂ ವ್ಯಾಪಾರಿಗಳು ಚಿಕನ್ ಕಸೂತಿ ಬಟ್ಟೆಯ ಗಂಟು ಹೊತ್ತು ಅಮೆರಿಕಕ್ಕೆ ಬರುತ್ತಿದ್ದರು. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕಡಲ ತೀರದ ಊರುಗಳು, ಚಳಿಗಾಲದಲ್ಲಿ ದಕ್ಷಿಣದ ನ್ಯೂ ಆರ್ಲಿಯನ್ಸ್. ಅಲ್ಲಿ ಕರಿಯರ ಬಡಾವಣೆಯಾದ ಟ್ರೆಮೆಯಲ್ಲಿ ಮನೆ ಹಿಡಿದರು. ಬೇರೆ ಕಡೆ ಮನೆ ಕೊಡುವವರು ಯಾರಿದ್ದರು? ಕೆಲವರು ಅಲ್ಲಿಯ ಹೆಣ್ಣುಮಕ್ಕಳನ್ನೇ ಮದುವೆಯಾಗಿ ಅಲ್ಲಿಯವರೇ ಆದರು. ಊರು ಆರಿಸಿದ್ದು ವ್ಯಾಪಾರ, ಬೀದಿ ಆರಿಸಿದ್ದು ಅವರನ್ನು ಒಳಗೆ ಬಿಟ್ಟುಕೊಂಡ ಜನ.

ಹಣ ಇದ್ದವರಿಗೆ ಈ ಕಷ್ಟ ಇರಲಿಲ್ಲ ಅಂದುಕೊಂಡಿರಾ? ಹಾಗಾದರೆ ವೈಷ್ಣೋ ದಾಸ್ ಬಾಗಾಯ್ ಅವರ ಕಥೆ ಕೇಳಿ. ಪೇಶಾವರದ ಸ್ಥಿತಿವಂತ ಮನೆತನ. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ ಅವರ ಹತ್ತಿರ ಸುಮಾರು 25,000 ಡಾಲರ್ ಬೆಲೆಯ ಚಿನ್ನ ಇತ್ತು. ಓದಿದವರು, ಸೂಟು ಹಾಕುವವರು, ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ಮುಂದೆ ಬರ್ಕ್ಲಿಯಲ್ಲಿ ಮನೆ ಕೊಂಡರು. ವಿಶ್ವವಿದ್ಯಾಲಯದ ಊರು, ಓದುಬರಹ ಬಲ್ಲ ಜನ, ಮಕ್ಕಳಿಗೆ ಒಳ್ಳೇದು. ಇವತ್ತಿನ ನಮ್ಮ ಶೀಟಿನಲ್ಲೂ ಬರ್ಕ್ಲಿಗೆ ಮೇಲಿನ ಸಾಲೇ. ಸಾಮಾನು ತುಂಬಿಕೊಂಡು ಮನೆ ಹತ್ತಿರ ಹೋದರೆ, ಇವರು ಒಳಗೆ ಹೋಗದ ಹಾಗೆ ನೆರೆಯವರು ಮನೆಗೆ ಬೀಗ ಜಡಿದಿದ್ದರು. ಇಂಥ ಕಡೆ ಮಕ್ಕಳನ್ನು ಬೆಳೆಸೋದು ಬೇಡ ಅಂತ ಸಂಸಾರ ಗಾಡಿ ತಿರುಗಿಸಿ ವಾಪಸಾಯಿತು.

ಬಾಗಾಯ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟರು, 1921ರಲ್ಲಿ ಅಮೆರಿಕದ ಪೌರರೂ ಆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಕೊಟ್ಟಿದ್ದ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳಲು ಶುರುಮಾಡಿತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. ಬಾಗಾಯ್ ಅಂಗಡಿಯನ್ನೂ ಕಳೆದುಕೊಂಡರು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಕೂಡ ಸಿಗಲಿಲ್ಲ. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕಲಾ ಅವರು ಮಕ್ಕಳನ್ನು ಓದಿಸಿ, ಗಟ್ಟಿಯಾಗಿ ನಿಂತು, ಮುಂದಿನ ದಶಕಗಳಲ್ಲಿ ಹೊಸದಾಗಿ ಬಂದ ಎಷ್ಟೋ ಭಾರತೀಯರಿಗೆ ಮನೆಯ ಬಾಗಿಲು ತೆರೆದಿಟ್ಟರು. 2020ರಲ್ಲಿ ಬರ್ಕ್ಲಿಯ ನಗರಸಭೆ ಒಂದು ರಸ್ತೆಗೆ ಅವರ ಹೆಸರಿಡಲು ತೀರ್ಮಾನಿಸಿತು. ಒಳಗೆ ಬಿಡದ ಊರು ಒಂದು ಶತಮಾನ ಆದಮೇಲೆ ಬೋರ್ಡು ಹಾಕಿತು.

1946ರ ಕಾನೂನು ಭಾರತೀಯರಿಗೆ ಪೌರತ್ವ ಕೊಟ್ಟಿತು, ಆದರೆ ವರ್ಷಕ್ಕೆ ಬರಬಹುದಾದವರು 100 ಜನ ಮಾತ್ರ. ನಿಜವಾಗಿ ಬಾಗಿಲು ತೆರೆದದ್ದು 1965ರ ಕಾನೂನು. ಅಲ್ಲಿಂದಾಚೆಗೆ ಊರನ್ನು ಆರಿಸಿದ್ದು ಆಸ್ಪತ್ರೆ, ವಿಶ್ವವಿದ್ಯಾಲಯ, ಕಂಪನಿ. ನಮ್ಮ ಎ.ಕೆ. ರಾಮಾನುಜನ್ ಅವರೇ 1959ರಲ್ಲಿ ಹೋದದ್ದು ಇಂಡಿಯಾನಾಗೆ, ಓದಲಿಕ್ಕೆ. ಆಮೇಲೆ ಶಿಕಾಗೊ ವಿಶ್ವವಿದ್ಯಾಲಯ ಕರೆಯಿತು, 1993ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಚಳಿ ನೋಡಿ ಊರು ಆರಿಸಿದ್ದರೆ ಮೈಸೂರಿನವರು ಯಾರಾದರೂ ಶಿಕಾಗೊಗೆ ಹೋಗುತ್ತಿದ್ದರಾ?

ಈ ಹೊಸ ಅಲೆಯ ಕಥೆಯಲ್ಲಿ ನನಗೆ ಇಷ್ಟವಾದ ಊರು ಪಿಟ್ಸ್‌ಬರ್ಗ್. ಉಕ್ಕಿನ ಊರು, ಹೊಗೆ, ಮಂಜು. ಆದರೂ ಅಲ್ಲಿಗೆ ಎಂಜಿನಿಯರ್‌ಗಳು, ಡಾಕ್ಟರ್‌ಗಳು ಬಂದರು. 1970ರ ದಶಕದಲ್ಲಿ ಊರ ಹೊರಗಿನ ಗುಡ್ಡದ ಮೇಲೆ ವೆಂಕಟೇಶ್ವರನ ದೇವಸ್ಥಾನ ಕಟ್ಟಿದರು. ಬೇರೆ ರಾಜ್ಯಗಳಿಂದ ಜನ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಅಲ್ಲಿಗೆ ಬರುತ್ತಿದ್ದರು. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಾರ್ಖಾನೆ ಒಂದನ್ನೇ ನಂಬಿದ್ದ ಅಕ್ಕಪಕ್ಕದ ಪುಟ್ಟ ಊರುಗಳು ಖಾಲಿಯಾದವು. ಪಿಟ್ಸ್‌ಬರ್ಗ್‌ನಲ್ಲಿ ಆಸ್ಪತ್ರೆಗಳಿದ್ದವು, ವಿಶ್ವವಿದ್ಯಾಲಯಗಳಿದ್ದವು. ಊರು ಕುಗ್ಗಿತು, ಆದರೆ ಸಾಯಲಿಲ್ಲ. ದೇವಸ್ಥಾನದಲ್ಲಿ ಗಂಟೆ ಇವತ್ತೂ ಬಾರಿಸುತ್ತಿದೆ.

ಇಷ್ಟೆಲ್ಲ ಹಳೇ ಕಥೆ ಯಾಕೆ ಅಂದರೆ, ಬಿಟ್ಟುಹೋದ ಆ ಕಾಲಮ್ ಈಗ ಹಿಂದೆಂದಿಗಿಂತ ಮುಖ್ಯ. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾದ ಮೇಲೆ ಹೋದವರ ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮಗಾಗಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ವೀಸಾದ ದಾರಿ ನೋಡಬೇಕು, ಅದೂ ಇಲ್ಲದಿದ್ದರೆ ದೇಶ ಬಿಡಬೇಕು. ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸಾಲು ದಶಕಗಳಷ್ಟು ಉದ್ದ. ಅಂದರೆ ಆ 60 ದಿನದ ಕತ್ತಿ ಮದುವೆ, ಮಕ್ಕಳು, ಮನೆ ಸಾಲ ಎಲ್ಲದರ ಮೇಲೂ ವರ್ಷಾನುಗಟ್ಟಲೆ ತೂಗುತ್ತಿರುತ್ತೆ.

ಹಾಗಾಗಿ ಶೀಟಿನಲ್ಲಿ ಬಾಡಿಗೆ, ತೆರಿಗೆ ಇರಲಿ. ಪಕ್ಕದಲ್ಲಿ ಇನ್ನೊಂದು ಕಾಲಮ್ ಸೇರಿಸಿ: ಕೆಲಸ ಹೋದ ಮಾರನೇ ದಿನ ಈ ಊರು ಹೇಗಿರುತ್ತೆ? ಮನೆ ಬದಲಿಸದೆ ಹೋಗಿಬರುವಷ್ಟು ದೂರದಲ್ಲಿ ನಿಮ್ಮ ಕೆಲಸಕ್ಕೆ ಜನ ಬೇಕಾದ ಕಂಪನಿಗಳು ಎಷ್ಟಿವೆ? ಒಂದೇ ದೊಡ್ಡ ಕಂಪನಿಯ ಊರಾದರೆ, ಆ ಕಂಪನಿಗೆ ನೆಗಡಿ ಬಂದ ದಿನ ಊರಿಗೆಲ್ಲ ಜ್ವರ. ಸಂಗಾತಿಗೂ ಕೆಲಸ ಮಾಡುವ ಅನುಮತಿ ಇದ್ದರೆ, ಅಲ್ಲಿ ಅವರಿಗೂ ಕೆಲಸ ಇದೆಯಾ? ಎರಡು ತಿಂಗಳು ಸಂಬಳ ಇಲ್ಲದೆ ಅಲ್ಲಿನ ಬಾಡಿಗೆ ಕಟ್ಟಬಹುದಾ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವವರು ಇಬ್ಬರಾದರೂ ಇದ್ದಾರಾ? ಕನ್ನಡ ಕೂಟದ ಯುಗಾದಿ ಊಟವನ್ನು ನಾವು ತಮಾಷೆ ಮಾಡುತ್ತೇವೆ. ಹೋಳಿಗೆ ಅಲ್ಲಿ ನೆಪ. ಸ್ಟಾಕ್ಟನ್‌ನ ಆ ಅಡುಗೆಮನೆ ಮಾಡಿದ ಕೆಲಸವನ್ನೇ ಅದೂ ಮಾಡುತ್ತೆ, ಯಾವ ಕಂಪನಿಯಲ್ಲಿ ಜನ ಬೇಕಂತೆ ಅನ್ನೋ ಮಾತು ಅಲ್ಲೇ ಎಲೆಯ ಮುಂದೆ ಬರುತ್ತೆ.

ಶಿಫ್ ತನ್ನ ಜನರಿಗಾಗಿ ಊರು ಹುಡುಕಿದ, ಪ್ರಾಮಾಣಿಕವಾಗಿಯೇ ಹುಡುಕಿದ. ಆದರೆ ಟೈಲರ್‌ಗೆ ಒಮಾಹಾ ತನ್ನ ಊರಾದದ್ದು ಟಿಕೆಟ್ ಸಿಕ್ಕ ದಿನ ಅಲ್ಲ, ತಮ್ಮನಿಗೆ ಬಾ ಅಂತ ಕಾಗದ ಬರೆಯುವ ಧೈರ್ಯ ಬಂದ ದಿನ. ನೀವು ಆರಿಸುವ ಊರಿಗೂ ಇದೇ ಪರೀಕ್ಷೆ ಇಡಿ. ತಂಗಿಯನ್ನೋ, ಗೆಳೆಯನನ್ನೋ ಇಲ್ಲಿಗೆ ಬಾ ಅಂತ ಕರೆಯುತ್ತೀರಾ? ಯಾಕೆ ಅಂತ ಅವರು ಕೇಳಿದರೆ ತೆರಿಗೆ ಬಿಟ್ಟು ಇನ್ನೊಂದು ಕಾರಣ ಹೇಳಲು ಬರುತ್ತಾ? ಬಂದರೆ ಆ ಊರಿಗೆ ಹೊರಡಿ.