ಗೀರು ಬಿದ್ದ 25 ನಿಮಿಷಗಳು

1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಫ್ರಿಟ್ಜ್ ಲಾಂಗ್ ನಿರ್ದೇಶನದ 'ಮೆಟ್ರೊಪೊಲಿಸ್' ಮೊದಲ ಸಲ ತೆರೆಗೆ ಬಂತು. ಆ ರಾತ್ರಿ ಪ್ರೊಜೆಕ್ಟರಿನಲ್ಲಿ ಓಡಿದ ರೀಲುಗಳ ಒಟ್ಟು ಉದ್ದ 4189 ಮೀಟರ್. ಅದೇ ವರ್ಷ ಆಗಸ್ಟ್‌ನಲ್ಲಿ ಸಿನಿಮಾ ಜರ್ಮನಿಯಲ್ಲಿ ಮತ್ತೆ ಬಿಡುಗಡೆಯಾದಾಗ ಉಳಿದಿದ್ದದ್ದು ಸುಮಾರು 3240 ಮೀಟರ್. ನಡುವಿನ ಏಳೆಂಟು ತಿಂಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸಿನಿಮಾ ಮಾಯವಾಗಿತ್ತು. ಯಾವ ಸರ್ಕಾರವೂ ಅದನ್ನು ನಿಷೇಧಿಸಿರಲಿಲ್ಲ, ಯಾವ ಬೆಂಕಿಯೂ ಸುಟ್ಟಿರಲಿಲ್ಲ. ಕತ್ತರಿ ಹಾಕಿದ್ದು ವ್ಯಾಪಾರ.

ಉಫಾ ಸಂಸ್ಥೆ ಈ ಚಿತ್ರಕ್ಕೆ 50 ಲಕ್ಷ ಮಾರ್ಕಿಗೂ ಹೆಚ್ಚು ಸುರಿದಿತ್ತು. ಸಾಲದಲ್ಲಿ ಮುಳುಗಿದ್ದ ಉಫಾ, 1925ರ ಕೊನೆಯಲ್ಲಿ ಅಮೆರಿಕದ ಪ್ಯಾರಾಮೌಂಟ್ ಮತ್ತು ಎಂಜಿಎಂ ಜೊತೆ ಒಪ್ಪಂದ ಮಾಡಿಕೊಂಡು ಹಣ ಪಡೆದಿತ್ತು. ಆ ಒಪ್ಪಂದದ ಫಲವಾಗಿ ಚಿತ್ರವನ್ನು ಅಮೆರಿಕಕ್ಕೆ ಒಗ್ಗಿಸುವ ಹಕ್ಕು ಅಲ್ಲಿನವರ ಕೈಗೆ ಹೋಯಿತು. ಚ್ಯಾನಿಂಗ್ ಪೊಲಾಕ್ ಎಂಬ ನಾಟಕಕಾರನನ್ನು ಕೂರಿಸಿ ಕಥೆಯನ್ನೇ ಹೊಸದಾಗಿ ಹೆಣೆಸಿದರು. ಬರ್ಲಿನ್ನಿನಲ್ಲಿ ಗಲ್ಲಾಪೆಟ್ಟಿಗೆ ತುಂಬದೆ ಹೋದಾಗ ಉಫಾ ಕೂಡ ಅದೇ ದಾರಿ ಹಿಡಿದು ಚಿತ್ರವನ್ನು ಮೊಟಕುಗೊಳಿಸಿತು. ಕತ್ತರಿಸಿ ತೆಗೆದ ತುಂಡುಗಳನ್ನು ಜೋಪಾನವಾಗಿಡಬೇಕು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಮುಂದಿನ 80 ವರ್ಷ ಜಗತ್ತು 'ಮೆಟ್ರೊಪೊಲಿಸ್' ಎಂದು ನೋಡಿದ್ದು, ಮೆಚ್ಚಿದ್ದು, ಪಠ್ಯದಲ್ಲಿ ಇಟ್ಟು ಕಲಿಸಿದ್ದು ಈ ಕುಂಟು ಚಿತ್ರವನ್ನೇ. ನಾನೂ ಹಾಗೆ ನೋಡಿದವನು. ಬೆಂಗಳೂರಿನ ಒಂದು ಫಿಲಂ ಸೊಸೈಟಿಯಲ್ಲಿ, ಕಬ್ಬಿಣದ ಮಡಿಚುವ ಕುರ್ಚಿಯ ಮೇಲೆ ಕೂತು, 16 ಎಂಎಂ ಪ್ರತಿಯಲ್ಲಿ ಅದನ್ನು ಮೊದಲು ಕಂಡೆ. ಮೋಡ ಮುಟ್ಟುವ ಮಹಲುಗಳಲ್ಲಿ ಉಳ್ಳವರು, ನೆಲದಡಿಯಲ್ಲಿ ಯಂತ್ರಗಳ ಜೊತೆ ಬೇಯುವ ಕೂಲಿಗಳು, ತಲೆ ತಗ್ಗಿಸಿ ಪಾಳಿ ಬದಲಾಯಿಸುವ ಆ ಸಾಲುಗಳು, ಬ್ರಿಗಿಟ್ಟೆ ಹೆಲ್ಮ್ ನಟಿಸಿದ ಮರಿಯಾ ಮತ್ತು ಮರಿಯಾಳ ರೂಪ ತೊಟ್ಟ ಯಂತ್ರದ ಹೆಣ್ಣು. ಕಥೆ ಅಲ್ಲಲ್ಲಿ ಎಡವುತ್ತಿತ್ತು, ಪಾತ್ರಗಳು ಬಂದು ಕಾರಣವಿಲ್ಲದೆ ಮರೆಯಾಗುತ್ತಿದ್ದವು. ಹಳೆಯ ಮೂಕಿ ಚಿತ್ರಗಳು ಇರುವುದೇ ಹೀಗೆ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಆಮೇಲೆ 1984ರಲ್ಲಿ ಜಾರ್ಜಿಯೊ ಮೊರೊಡರ್ ಬಣ್ಣ ಹಚ್ಚಿ, ರಾಕ್ ಹಾಡುಗಳನ್ನು ಸೇರಿಸಿ ಹೊರತಂದ ಆವೃತ್ತಿಯನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿದೆ. ಅದು ಇನ್ನೂ ಚಿಕ್ಕದು, ಒಂದೂವರೆ ಗಂಟೆಯೂ ಇಲ್ಲ. ಆದರೂ ಆ ನಗರ ನನ್ನನ್ನು ಬಿಡಲಿಲ್ಲ.

ಕಳೆದುಹೋದ ಭಾಗ ಸಿಕ್ಕಿದ್ದು ಜರ್ಮನಿಯಿಂದ ಸಾವಿರಾರು ಮೈಲು ದೂರದ ಬ್ಯೂನಸ್ ಐರಿಸ್‌ನಲ್ಲಿ. ಅರ್ಜೆಂಟೀನಾದ ವಿತರಕ ಅಡಾಲ್ಫೊ ವಿಲ್ಸನ್ ತನ್ನ ದೇಶದ ಪ್ರದರ್ಶನಕ್ಕೆಂದು ಚಿತ್ರದ ಉದ್ದನೆಯ ಆವೃತ್ತಿಯ ಒಂದು ಪ್ರತಿಯನ್ನು ತರಿಸಿಕೊಂಡಿದ್ದ. ಅಲ್ಲಿ 1928ರಲ್ಲಿ ಅದು ಪ್ರದರ್ಶನಗೊಂಡಿತು. ಓಟ ಮುಗಿದ ಮೇಲೆ ಆ ರೀಲುಗಳು ಮನುಯೆಲ್ ಪೆನ್ಯಾ ರೊಡ್ರಿಗೆಸ್ ಎಂಬ ಸಿನಿಮಾ ವಿಮರ್ಶಕರ ಖಾಸಗಿ ಸಂಗ್ರಹ ಸೇರಿದವು. 1960ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಕಲಾ ನಿಧಿಗೆ, ಕೊನೆಗೆ 1992ರಲ್ಲಿ ನಗರದ ಸಿನಿಮಾ ಮ್ಯೂಸಿಯಂಗೆ ಬಂದವು. ಈ ನಡುವೆ ಯಾರೋ ಒಂದು ಕೆಲಸ ಮಾಡಿದರು. 35 ಎಂಎಂ ನೈಟ್ರೇಟ್ ಫಿಲ್ಮು ತಟ್ಟನೆ ಹೊತ್ತಿಕೊಳ್ಳುವ ವಸ್ತು ಎಂಬ ಭಯದಿಂದ ಅದನ್ನು 16 ಎಂಎಂ ಸುರಕ್ಷಿತ ಫಿಲ್ಮಿಗೆ ಇಳಿಸಿದರು. ಇಳಿಸುವ ಮುನ್ನ ಒರೆಸಿ ಚೊಕ್ಕ ಮಾಡಲಿಲ್ಲ. ಹಾಗಾಗಿ ವರ್ಷಗಟ್ಟಲೆ ಓಡಿ ಬಿದ್ದಿದ್ದ ಗೀರು, ಎಣ್ಣೆಯ ಕಲೆ, ಧೂಳು ಎಲ್ಲವೂ ಹೊಸ ಪ್ರತಿಯಲ್ಲಿ ಅಚ್ಚಾಗಿ ಕೂತವು. ಮೂಲ ಪ್ರತಿ ಉಳಿಯಲಿಲ್ಲ.

ಅದು ಅಲ್ಲಿದೆ ಎಂದು ಗೊತ್ತಾದ ಬಗೆಯೇ ಒಂದು ಕಥೆ. ಫರ್ನಾಂಡೊ ಪೆನ್ಯಾ ಎಂಬ ಸಿನಿಮಾ ಇತಿಹಾಸಕಾರರಿಗೆ ಹಿರಿಯ ಫಿಲಂ ಕ್ಲಬ್ ನಿರ್ವಾಹಕರೊಬ್ಬರು ಹಳೆಯ ದಿನಗಳ ಪಾಡು ಹೇಳುತ್ತಿದ್ದರು. 'ಮೆಟ್ರೊಪೊಲಿಸ್' ತೋರಿಸಿದ ದಿನ ಫಿಲ್ಮು ಪ್ರೊಜೆಕ್ಟರಿನಲ್ಲಿ ನಿಲ್ಲದೆ ಅಲುಗಾಡುತ್ತಿತ್ತಂತೆ. ಚಿತ್ರ ಮುಗಿಯುವತನಕ, ಎರಡು ಗಂಟೆಗೂ ಮೇಲೆ, ಬೆರಳಿನಲ್ಲಿ ಒತ್ತಿ ಹಿಡಿದೇ ಇರಬೇಕಾಯಿತಂತೆ. ಕೇಳಿದ ಬೇರೆಯವರು ಆ ಬೆರಳಿನ ನೋವಿಗೆ ಅಯ್ಯೋ ಅಂದಿರಬಹುದು. ಪೆನ್ಯಾ ಅವರ ಕಿವಿ ನೆಟ್ಟಗಾದದ್ದು ಆ ಹೊತ್ತಿನ ಲೆಕ್ಕಕ್ಕೆ. ಆಗ ಎಲ್ಲರಿಗೂ ಗೊತ್ತಿದ್ದ 'ಮೆಟ್ರೊಪೊಲಿಸ್' ಅಷ್ಟು ಉದ್ದವೇ ಇರಲಿಲ್ಲವಲ್ಲ! ಆ ಪ್ರತಿಯನ್ನು ಕಣ್ಣಾರೆ ನೋಡಲು ಅವರು ವರ್ಷಾನುಗಟ್ಟಲೆ ಅಲೆದರು. 2008ರಲ್ಲಿ ಪೌಲಾ ಫೆಲಿಕ್ಸ್-ಡಿಡಿಯೆ ಮ್ಯೂಸಿಯಂನ ಮುಖ್ಯಸ್ಥೆಯಾದ ಮೇಲೆ ಇಬ್ಬರೂ ಸೇರಿ ಡಬ್ಬಿಗಳನ್ನು ತೆರೆದರು. ಅದೇ ಜುಲೈನಲ್ಲಿ ಸುದ್ದಿ ಲೋಕಕ್ಕೆ ಗೊತ್ತಾಯಿತು.

ಸಿಕ್ಕಿದ್ದನ್ನು ಸೇರಿಸುವುದು ಸುಲಭದ ಮಾತಾಗಿರಲಿಲ್ಲ. ಯಾವ ತುಣುಕು ಎಲ್ಲಿ ಕೂರಬೇಕು? ಇದಕ್ಕೆ ಆಸರೆಯಾದದ್ದು ಗಾಟ್‌ಫ್ರೀಡ್ ಹುಪ್ಪರ್ಟ್ಸ್ ಈ ಚಿತ್ರಕ್ಕೆ ಬರೆದ ಸಂಗೀತದ ಹಾಳೆಗಳು. ವಾದ್ಯವೃಂದ ತೆರೆಯ ಮೇಲಿನ ಚಿತ್ರದ ಜೊತೆ ಹೆಜ್ಜೆ ಹಾಕಬೇಕಲ್ಲ, ಅದಕ್ಕೆಂದು ಹಾಳೆಗಳಲ್ಲಿ ಸಾವಿರಕ್ಕೂ ಹೆಚ್ಚು ಸೂಚನೆಗಳಿದ್ದವು: ಇಲ್ಲಿ ಇವನು ಬಾಗಿಲು ತೆರೆಯುತ್ತಾನೆ, ಇಲ್ಲಿ ಅವಳು ತಿರುಗುತ್ತಾಳೆ. ನಡುವೆ ಬರುವ ಬರಹದ ಫಲಕಗಳ ಪಾಠ ಜರ್ಮನಿಯ ಸೆನ್ಸಾರ್ ಕಚೇರಿಯ ದಾಖಲೆ ಕಾರ್ಡುಗಳಲ್ಲಿತ್ತು. ನ್ಯೂಜಿಲೆಂಡಿನಲ್ಲಿ ಸಿಕ್ಕಿದ್ದ ಇನ್ನೊಂದು ಪ್ರತಿಯೂ ನೆರವಿಗೆ ಬಂತು. ಮುರ್ನೌ ಪ್ರತಿಷ್ಠಾನದ ಮುಂದಾಳ್ತನದಲ್ಲಿ ಕೆಲಸ ನಡೆದು, 2010ರ ಫೆಬ್ರವರಿ 12ರಂದು ಬರ್ಲಿನ್ ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ಒಂದೇ ಸಂಜೆ ಚಿತ್ರ ಪ್ರದರ್ಶನಗೊಂಡಿತು. ಹೊಸದಾಗಿ ಸೇರಿದ್ದು ಸುಮಾರು 25 ನಿಮಿಷ.

ಅದೇ ವರ್ಷದ ಕೊನೆಗೆ ಬ್ಲೂ-ರೇ ಡಿಸ್ಕು ಬಂತು. ಬ್ರಿಟನ್ನಿನಲ್ಲಿ ಯುರೇಕಾ ಸಂಸ್ಥೆಯ 'ಮಾಸ್ಟರ್ಸ್ ಆಫ್ ಸಿನಿಮಾ' ಮಾಲಿಕೆಯಲ್ಲಿ, ಅಮೆರಿಕದಲ್ಲಿ ಕಿನೊ ಸಂಸ್ಥೆಯಿಂದ. ಇಲ್ಲಿ ಒಂದು ತೊಡಕು. ಡಿವಿಡಿಯವರು ಲೋಕವನ್ನು ಆರು ಮುಖ್ಯ ವಲಯಗಳಾಗಿ ಹೋಳು ಮಾಡಿದ್ದರು, ಬ್ಲೂ-ರೇಯವರು ಮೂರು ಮಾಡಿದರು. ಅಮೆರಿಕ, ಜಪಾನ್ ಎ ವಲಯ. ಯುರೋಪು, ಆಫ್ರಿಕಾ, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ವಲಯದ ಬೀಗ ಹಾಕಿದ ಡಿಸ್ಕು ಬೇರೆ ವಲಯದ ಪ್ಲೇಯರಿನಲ್ಲಿ ಓಡದು. ನಮ್ಮ ಸಿ ವಲಯಕ್ಕೆಂದು ಇಂಥ ಹಳೆಯ ಚಿತ್ರವನ್ನು ಯಾರೂ ಅಚ್ಚು ಹಾಕುವ ಹಾಗೆ ಕಾಣಲಿಲ್ಲ. ಹಣ ಕೊಡುತ್ತೇನೆ ಎಂದರೂ ನನ್ನ ದೇಶದ ಹೆಸರಿನಲ್ಲಿ ಆ ಅಂಗಡಿಯಲ್ಲಿ ಮಾಲಿಲ್ಲ.

ಹಾಗಾಗಿ ಡಿಸ್ಕಿಗೂ ಮೊದಲು ಎಲ್ಲ ವಲಯಕ್ಕೂ ಬಾಯಿ ತೆರೆಯುವ ಪ್ಲೇಯರು ಹುಡುಕಿದೆ. ಅದಕ್ಕೆ ಹೋದ ದುಡ್ಡಿನ ಲೆಕ್ಕವನ್ನು ಮನೆಯಲ್ಲಿ ಈಗಲೂ ಪೂರ್ತಿ ಒಪ್ಪಿಸಿಲ್ಲ. ಡಿಸ್ಕನ್ನು ಅಂಚೆಯಲ್ಲಿ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ದುಪ್ಪಟ್ಟಾಗುವ ಅಂದಾಜಿತ್ತು. ಲಂಡನ್ನಿನಲ್ಲಿದ್ದ ಅಕ್ಕನ ಮಗನಿಗೆ ಹೇಳಿದೆ. ಅವನು ಊರಿಗೆ ಬಂದಾಗ ಸ್ವೆಟರು, ಚಾಕೊಲೇಟುಗಳ ನಡುವಿನಿಂದ ಅದನ್ನು ತೆಗೆದುಕೊಟ್ಟ. "ಮಾವ, ಇದು ಮೂಕಿ ಚಿತ್ರ ಅಲ್ವಾ, ಇದಕ್ಕೆ ಹೈ ಡೆಫಿನಿಷನ್ ಯಾಕೆ?" ಎಂದು ಕೇಳಿದ. ಆ ಪ್ರಶ್ನೆ ಒಳ್ಳೆಯದೇ.

ಉತ್ತರ ಡಿಸ್ಕಿನಲ್ಲೇ ಇತ್ತು. 1920 ಅಡ್ಡ, 1080 ಉದ್ದ ಚುಕ್ಕೆಗಳಲ್ಲಿ ಮೊದಲರ್ಧ ಗಂಟೆ ಕಣ್ಣಿಗೆ ಹಬ್ಬ. ಮರಿಯಾಳ ರೆಪ್ಪೆ ಎಣಿಸಬಹುದು, ಕೂಲಿಗಳ ಅಂಗಿಯ ಮಡಿಕೆ ಕಾಣುತ್ತದೆ. ಇದ್ದಕ್ಕಿದ್ದಂತೆ ಚಿತ್ರ ಮಸುಕಾಗುತ್ತದೆ. ಮೇಲಿನಿಂದ ಕೆಳಗೆ ಮಳೆ ಸುರಿದ ಹಾಗೆ ಗೀರುಗಳು. ಚೌಕಟ್ಟಿನ ಎಡಕ್ಕೂ ಮೇಲಕ್ಕೂ ಕಪ್ಪು ಪಟ್ಟಿ, ಏಕೆಂದರೆ 16 ಎಂಎಂಗೆ ಇಳಿಸುವಾಗ ಅಷ್ಟು ಭಾಗ ಕತ್ತರಿಸಿಹೋಗಿತ್ತು. ಪುನರುಜ್ಜೀವನ ಮಾಡಿದವರು ಕಂಪ್ಯೂಟರಿನಲ್ಲಿ ಸಾಕಷ್ಟು ಗೀರು ಒರೆಸಿದ್ದಾರೆ. ಒರೆಸಲಾಗದ್ದನ್ನು ಹಾಗೇ ಬಿಟ್ಟಿದ್ದಾರೆ, ಹೋದ ಅಂಚನ್ನು ಊಹಿಸಿ ತುಂಬಿಲ್ಲ. ಎರಡು ದೃಶ್ಯಗಳಂತೂ ಅರ್ಜೆಂಟೀನಾ ಪ್ರತಿಯಿಂದಲೂ ಸಿಗಲಿಲ್ಲ: ಚರ್ಚಿನಲ್ಲಿ ಸನ್ಯಾಸಿಯ ಉಪದೇಶ, ಮತ್ತು ವಿಜ್ಞಾನಿ ರೊಟ್‌ವಾಂಗ್ ಹಾಗೂ ನಗರದ ಒಡೆಯ ಫ್ರೆಡರ್ಸನ್ ನಡುವಿನ ಹೊಡೆದಾಟ. ಅಲ್ಲಿ ಬರೀ ಬರಹದ ಫಲಕ. ತೆರೆ ಎಷ್ಟು ಚೊಕ್ಕವೋ ಗಾಯ ಅಷ್ಟು ಸ್ಪಷ್ಟ. ಯಾವುದು ಬರ್ಲಿನ್ನಿನದು, ಯಾವುದು ಬ್ಯೂನಸ್ ಐರಿಸ್‌ನದು ಎಂದು ಯಾರೂ ಹೇಳದೆ ತಿಳಿಯುತ್ತದೆ. ಹಳೆಯ ಮಸುಕು ಕ್ಯಾಸೆಟ್ಟಿನಲ್ಲಿ ಎಲ್ಲವೂ ಒಂದೇ ಮಬ್ಬಾಗಿರುತ್ತಿತ್ತು.

ಆ ಗೀರುಗಳ ಹಿಂದೆ ಕಂಡದ್ದು ಬೇರೆಯದೇ ಸಿನಿಮಾ. ರೊಟ್‌ವಾಂಗ್‌ನ ಮನೆಯಲ್ಲಿ ಪರದೆಯ ಹಿಂದೆ ಒಂದು ದೊಡ್ಡ ಕಲ್ಲಿನ ಮುಖವಿದೆ. ಅದು ಹೆಲ್ ಎಂಬವಳದು. ಅವನು ಪ್ರೀತಿಸಿದವಳು, ಫ್ರೆಡರ್ಸನ್‌ನನ್ನು ಮದುವೆಯಾದವಳು, ಮಗನನ್ನು ಹೆತ್ತು ತೀರಿಕೊಂಡವಳು. ರೊಟ್‌ವಾಂಗ್ ಯಂತ್ರದ ಹೆಣ್ಣನ್ನು ಕಟ್ಟಿದ್ದು ಸತ್ತವಳನ್ನು ಮರಳಿ ಪಡೆಯಲು. 'ಹೆಲ್' ಎಂದರೆ ಇಂಗ್ಲಿಷಿನಲ್ಲಿ ನರಕ, ಜನ ನಕ್ಕಾರು ಎಂಬ ನೆಪದಲ್ಲಿ ಅಮೆರಿಕದಲ್ಲಿ ಅವಳನ್ನೇ ತೆಗೆದುಹಾಕಿದರು. ಆಮೇಲೆ ಆ ಯಂತ್ರಕ್ಕೊಂದು ಕಾರಣ ಬೇಕಲ್ಲ? ದಣಿಯದ ಕೂಲಿಯನ್ನು ತಯಾರಿಸುವುದು ಎಂದು ಬರೆದರು. ಅಗಲಿಕೆಯ ಸಂಕಟದಿಂದ ಹುಟ್ಟಿದ ಯಂತ್ರ ಕಾರ್ಖಾನೆಯ ಲಾಭದ ಯಂತ್ರವಾಯಿತು. ಹಾಗೆಯೇ 11811 ಎಂಬ ಸಂಖ್ಯೆಯ ಕೂಲಿ ಜಾರ್ಜಿ. ಒಡೆಯನ ಮಗನ ಬಟ್ಟೆ ತೊಟ್ಟು ಕಾರಿನಲ್ಲಿ ಹೋಗುವ ಅವನನ್ನು ನಾನು ಎಷ್ಟೋ ವರ್ಷ ಕೇವಲ ಒಬ್ಬ ದಾರಿಹೋಕನೆಂದುಕೊಂಡಿದ್ದೆ. ಪೂರ್ಣ ಚಿತ್ರದಲ್ಲಿ ಅವನಿಗೆ ಒಂದು ರಾತ್ರಿಯ ಆಸೆಯಿದೆ, ಸಾವೂ ಇದೆ. ಒಡೆಯನ ಮಗನ ಮೇಲೆ ಬಿದ್ದ ಚೂರಿಗೆ ಎದೆಯೊಡ್ಡಿ ಸಾಯುತ್ತಾನೆ. ಕತ್ತರಿ ಮೊದಲು ಹಿಡಿದದ್ದು ಬಡವನ ಕಥೆಯನ್ನು ಮತ್ತು ಸತ್ತ ಹೆಂಗಸಿನ ಕಥೆಯನ್ನು.

ಯೋಚಿಸಿದರೆ ವಿಚಿತ್ರ. 1927ರಲ್ಲಿ ಈ ಚಿತ್ರವನ್ನು ತುಂಡರಿಸಿದ್ದು ಮಾರುಕಟ್ಟೆಯ ವಲಯಗಳ ಲೆಕ್ಕಾಚಾರ. 2010ರಲ್ಲಿ ಕೂಡಿಸಿದ ಚಿತ್ರಕ್ಕೆ ಬೀಗ ಹಾಕಿದ್ದೂ ಅದೇ ಲೆಕ್ಕಾಚಾರ. ಆದರೆ ಚಿತ್ರ ಉಳಿದದ್ದೂ ದೂರದ ವಲಯದ ವ್ಯಾಪಾರಿಯೊಬ್ಬ ಪೂರ್ತಿ ಮಾಲು ಕೊಂಡದ್ದರಿಂದಲೇ. ತವರಿನಲ್ಲಿ ಕಳೆದದ್ದು ಪರಊರಿನಲ್ಲಿ ಉಳಿಯಿತು. ಚಿತ್ರ ಒಂದೇ ಕಡೆ ಇದ್ದರೆ ಅದರ ಆಯಸ್ಸು ಆ ಕಟ್ಟಡದ ಆಯಸ್ಸು.

ಈ ಮಾತು ನಮ್ಮ ಬುಡಕ್ಕೇ ಬರುತ್ತದೆ. 'ಮೆಟ್ರೊಪೊಲಿಸ್' ಬಂದ ನಾಲ್ಕು ವರ್ಷಕ್ಕೆ, 1931ರಲ್ಲಿ, ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದ ಮೋಹನ್ ಭವನಾನಿ ಮೈಸೂರು ಸೀಮೆಯಲ್ಲಿ 'ವಸಂತಸೇನಾ' ಎಂಬ ಮೂಕಿ ಚಿತ್ರ ಮಾಡಿದರು. ಟಿ.ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ನಟಿಸಿದ್ದರು. ಕೈಲಾಸಂ ತೆರೆಯ ಮೇಲೆ ಹೇಗೆ ನಡೆಯುತ್ತಿದ್ದರು ಎಂದು ನೋಡಲು ಇವತ್ತು ನಮ್ಮ ಕೈಯಲ್ಲಿ ಆ ಚಿತ್ರವಿಲ್ಲ. 1934ರಲ್ಲಿ ವೈ.ವಿ. ರಾವ್ ನಿರ್ದೇಶನದಲ್ಲಿ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬಾ ನಟಿಸಿದ 'ಸತಿ ಸುಲೋಚನಾ' ಕೊಲ್ಲಾಪುರದಲ್ಲಿ ತಯಾರಾಗಿ ಬಂತು. ಕನ್ನಡದ ಮೊದಲ ಮಾತಿನ ಚಿತ್ರ. ಅದರ ಒಂದು ಪ್ರತಿಯೂ ಉಳಿದಿಲ್ಲ. ತೆರೆಯ ಮೇಲೆ ಕನ್ನಡ ಮೊದಲ ಸಲ ಹೇಗೆ ಕೇಳಿಸಿತು ಎಂಬುದನ್ನು ನಾವು ಕೇಳಲಾರೆವು. ಓಟ ಮುಗಿದ ರೀಲುಗಳನ್ನು ಅದರೊಳಗಿನ ಬೆಳ್ಳಿಗಾಗಿ ಮಾರುತ್ತಿದ್ದ ಕಾಲ ಅದು. ಪುಣೆಯ ರಾಷ್ಟ್ರೀಯ ಫಿಲಂ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಪಿ.ಕೆ. ನಾಯರ್ ಊರೂರು ಅಲೆದು ಕೂಡಿಹಾಕಿದ್ದರಿಂದ ಎಷ್ಟೋ ಉಳಿಯಿತು. 2003ರಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಗೆ ಹಳೆಯ ನೈಟ್ರೇಟ್ ಚಿತ್ರಗಳು ಮತ್ತೆ ಸುಟ್ಟುಹೋದವು.

ಎಲ್ಲವೂ ಹೋದದ್ದರ ಕಥೆಯೇ ಅಲ್ಲ. ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'ವನ್ನು ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮೂಲ ನೆಗೆಟಿವ್‌ನಿಂದ ಪುನರುಜ್ಜೀವಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ನೆಗೆಟಿವ್ ಪುಣೆಯಲ್ಲಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಹಣವೂ ಅಲ್ಲ, ಯಂತ್ರವೂ ಅಲ್ಲ. ಡಬ್ಬಿ ಇರಬೇಕು, ಡಬ್ಬಿಯ ನೆನಪಿರುವ ಒಬ್ಬರು ಇರಬೇಕು, ಆ ನೆನಪನ್ನು ಗಮನವಿಟ್ಟು ಕೇಳುವ ಇನ್ನೊಬ್ಬರು ಇರಬೇಕು.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆತನದಲ್ಲಿ ಟೂರಿಂಗ್ ಟಾಕೀಸು ನಡೆಸಿದವರು, ಪ್ರೊಜೆಕ್ಟರ್ ತಿರುಗಿಸಿದವರು, ಗಾಂಧಿನಗರದಲ್ಲಿ ಹಂಚಿಕೆ ಮಾಡಿದವರು ಯಾರಾದರೂ ಇದ್ದರೆ ಅವರ ಹಳೆಯ ಪಾಡಿನ ಕಥೆಗಳನ್ನು ಕೂತು ಕೇಳಿ. ಎಷ್ಟು ರೀಲು, ಎಷ್ಟು ಹೊತ್ತು, ಯಾವ ಊರು ಎಂಬುದನ್ನು ಬರೆದಿಡಿ. ಅಟ್ಟದ ಮೇಲೆ ಹುಳಿ ವಾಸನೆ ಬರುವ ತುಕ್ಕು ಹಿಡಿದ ತಗಡಿನ ಡಬ್ಬಿ ಕಂಡರೆ ಗುಜರಿಗೆ ಹಾಕುವ ಮೊದಲು ತಿಳಿದವರೊಬ್ಬರಿಗೆ ತೋರಿಸಿ. ಗೀರು ಬಿದ್ದಿದ್ದರೂ ಪರವಾಗಿಲ್ಲ.